ಫುಲ್ ಶೀಟ್‌ಗೆ ಹೋದ್ರೆ ಆಕಾಶ ಯಾಕೆ ಕೈಕೊಡುತ್ತೆ?

ಪ್ರಶ್ನೆ: ಸರ್, ಎರಡು ವರ್ಷದಿಂದ ಎ4 ಸೈಜಲ್ಲಿ ವಾಟರ್‌ಕಲರ್ ಲ್ಯಾಂಡ್‌ಸ್ಕೇಪ್ ಮಾಡ್ತಿದೀನಿ. ಹಂಪಿ ಮಾತಂಗ ಬೆಟ್ಟದ ಮೇಲಿಂದ ತೆಗೆದ ಫೋಟೊ ಇಟ್ಕೊಂಡು ಮೊದಲ ಸಲ ಫುಲ್ ಶೀಟಲ್ಲಿ ಟ್ರೈ ಮಾಡಿದೆ. ಆಕಾಶ ಪಟ್ಟೆ ಪಟ್ಟೆ ಆಯ್ತು, 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗೋ) ದಪ್ಪ ಪೇಪರ್ ಆದ್ರೂ ಹಪ್ಪಳದ ಥರ ಉಬ್ಬಿತು. ಎಲ್ಲಿ ಎಡವಿದೆ?

ಉತ್ತರ: ಲೆಕ್ಕದಲ್ಲಿ ಎಡವಿದೀರಿ ಅಷ್ಟೆ. ಫುಲ್ ಶೀಟ್ ಅಂದ್ರೆ 22×30 ಇಂಚು, ಎ4ಗಿಂತ ಹೆಚ್ಚುಕಮ್ಮಿ ಏಳು ಪಟ್ಟು ಜಾಗ, ಆದ್ರೆ ನೀರು ಒಣಗೋಕೆ ಏಳು ಪಟ್ಟು ಟೈಮ್ ತಗೊಳಲ್ಲ ನೋಡಿ. ಮಧ್ಯದಲ್ಲಿ ಬಣ್ಣ ಖಾಲಿಯಾಗಿ ಮತ್ತೆ ಕಲಸೋಕೆ ಕೂತ್ರಿ ಅಂದ್ರೆ ಅಷ್ಟರಲ್ಲಿ ಅಂಚು ಒಣಗಿ ಗೆರೆ ಬಿದ್ದಿರುತ್ತೆ. ಪ್ಯಾಲೆಟ್ ಸಾಲಲ್ಲ, ಸ್ಟೀಲ್ ಬಟ್ಟಲಲ್ಲಿ ಟ್ಯೂಬ್ ಬಣ್ಣ ಬೇಕು ಅನ್ಸಿದ್ದಕ್ಕಿಂತ ಡಬಲ್ ಕಲಸಿಟ್ಕೊಳ್ಳಿ, ಎರಡು ಇಂಚಿನ ಫ್ಲಾಟ್ ಬ್ರಷ್ ತಗೊಳ್ಳಿ, ಬೋರ್ಡ್ ಸ್ವಲ್ಪ ವಾಲಿಸಿ, ಕೆಳಗೆ ಇಳಿದು ನಿಂತ ಬಣ್ಣದ ಹನಿಯನ್ನೇ ಎಳ್ಕೊಂಡು ಹೋಗಿ. ಫ್ಯಾನ್ ಆಫ್ ಮಾಡಿ, ನಮ್ಮಲ್ಲಿ ಅರ್ಧ ಆಕಾಶ ಹಾಳಾಗೋದು ಸೀಲಿಂಗ್ ಫ್ಯಾನ್‌ನಿಂದಾನೆ!

ಉಬ್ಬೋದಕ್ಕೆ 300 ಜಿಎಸ್‌ಎಂ ಪೇಪರನ್ನ ಸ್ಟ್ರೆಚ್ ಮಾಡ್ದೆ, ಅಂದ್ರೆ ಮೊದಲೇ ನೆನೆಸಿ ಬಿಗಿಯಾಗಿ ಒಣಗಿಸ್ದೆ, ಬೇರೆ ದಾರಿಯಿಲ್ಲ, ಇನ್ನೂ ದಪ್ಪದ 640 ಜಿಎಸ್‌ಎಂ ತಗೊಂಡ್ರೆ ಆ ಕೆಲಸ ಬೇಡ ಆದ್ರೆ ರೇಟ್ ಕೇಳಿದ್ರೆ ಕೈ ನಡುಗುತ್ತೆ. ಪೇಪರನ್ನ ಐದಾರು ನಿಮಿಷ ಚೆನ್ನಾಗಿ ನೆನೆಸಿ, ದಪ್ಪ ಪ್ಲೈವುಡ್ ಮೇಲೆ ಹಾಸಿ, ನೀರು ಹಚ್ಚಿದ್ರೆ ಅಂಟೋ ಕಂದು ಪೇಪರ್ ಟೇಪ್ ಸಿಗುತ್ತಲ್ಲ ಅದನ್ನ ನಾಲ್ಕೂ ಕಡೆ ಒತ್ತಿ, ಮಲಗಿಸಿಯೇ ರಾತ್ರಿಯಿಡೀ ಬಿಡಿ. ನೆಂದಾಗ ಹಿಗ್ಗಿದ ಪೇಪರ್ ಒಣಗ್ತಾ ಕುಗ್ಗೋಕೆ ನೋಡುತ್ತೆ, ಟೇಪ್ ಬಿಡಲ್ಲ, ಬೆಳಿಗ್ಗೆಗೆ ಕಾಯಿಸಿದ ತಮಟೆ ಥರ ಬಿಗಿಯಾಗಿರುತ್ತೆ.

ಇನ್ನು ಹಂಪಿ. ದೊಡ್ಡ ಪೇಪರ್ ಸಿಕ್ತು ಅಂತ ಒಂದೊಂದು ಬಂಡೇನೂ ಬಿಡಿಸೋಕೆ ಹೋಗ್ತಾರೆ, ನಾನೂ ಹೋಗಿದ್ದೆ, ಕೊನೆಗೆ ಆಲೂಗಡ್ಡೆ ರಾಶಿ ಆಯ್ತು. ಮೊದ್ಲು ಪೋಸ್ಟ್‌ಕಾರ್ಡ್ ಸೈಜಲ್ಲಿ ಪೆನ್ಸಿಲ್‌ನಲ್ಲೇ ಮೂರು ಟೋನ್ ಮಾಡಿ: ಬಿಳಿ ಎಲ್ಲಿ ಬಿಡ್ಬೇಕು, ನಡುವಿನದು ಯಾವ್ದು, ಕಡುಗಪ್ಪು ಎಲ್ಲಿ. ಆಮೇಲೆ ಬಂಡೆಗಳ ನೆರಳನ್ನೆಲ್ಲ ಸೇರಿಸಿ ಒಂದೇ ಆಕಾರವಾಗಿ ಹಾಕಿ. ಅಲ್ಟ್ರಾಮರೀನ್ ಬ್ಲೂಗೆ ಬರ್ಂಟ್ ಸಿಯೆನ್ನಾ (ಕೆಂಪು ಮಿಶ್ರಿತ ಕಂದು) ಸೇರಿಸಿದ್ರೆ ಒಳ್ಳೆ ಬೂದು ಬರುತ್ತೆ, ಆ ನೀಲಿ ತರಿತರಿ ಮೈಯ ರಫ್ ಪೇಪರಿನ ಗುಳಿಗಳಲ್ಲಿ ಕಣಕಣವಾಗಿ ಕೂರುತ್ತಲ್ಲ, ಕಲ್ಲಿನ ಮೈ ತಾನಾಗೇ ಬರುತ್ತೆ. ಚೂಪು ಗೆರೆ ಬೆಟ್ಟದ ಕೆಳಗಿನ ಅಚ್ಯುತರಾಯ ದೇವಸ್ಥಾನದ ಹತ್ರ ಮಾತ್ರ ಇರ್ಲಿ.

ಹಾಳಾದ ಶೀಟ್ ಬಿಸಾಕ್ಬೇಡಿ, ಅದರ ಹಿಂಬದಿಗೆ ಬರೀ ಆಕಾಶ ಒಂದೆರಡು ಸಲ ಹಾಕಿ ಕೈ ಪಳಗಿಸ್ಕೊಳ್ಳಿ.