ಬೆಲೆ ಇಳಿಯುವವರೆಗೆ ಕನಿಷ್ಠ ಕೂಲಿ ಏರಿಸದೆ ಕಾಯಬೇಕೇ?

ಬೆಲೆ ಏರಿಕೆ ತಡೆಯಲು ಆರ್‌ಬಿಐ ಬಡ್ಡಿ ಏರಿಸುವಾಗ ಕನಿಷ್ಠ ಕೂಲಿ ಏರಿಸಿದರೆ ಬೆಲೆ ಇನ್ನೂ ಏರುವುದಿಲ್ಲವೇ, ಸ್ವಲ್ಪ ಕಾಯಬಾರದೇ ಅಂತ ಕೇಳಿದ್ದೀರಿ. ನಾನೂ ಒಂದು ಕಾಲದಲ್ಲಿ ಹೀಗೇ ಅಂದುಕೊಂಡಿದ್ದೆ.

ನಾನು ಬೆಂಗಳೂರಿನ ಒಂದು ಗಾರ್ಮೆಂಟ್ಸ್‌ನಲ್ಲಿ ಲೈನ್ ಸೂಪರ್‌ವೈಸರ್. ಬೆಲೆ ಏರಿದ್ದಕ್ಕೆ ತಕ್ಕಂತೆ ಕನಿಷ್ಠ ಕೂಲಿಗೆ ಸೇರುವ ದುಡ್ಡೇ ತುಟ್ಟಿಭತ್ಯೆ, ಅಂದರೆ ಡಿಎ. 2020ರ ಏಪ್ರಿಲ್‌ನಿಂದ ಸಿಗಬೇಕಿದ್ದದ್ದು ತಿಂಗಳಿಗೆ 417 ರೂಪಾಯಿ 60 ಪೈಸೆ. ಕೋವಿಡ್ ಅಂತ ರಾಜ್ಯ ಸರ್ಕಾರ ಅದನ್ನು ಮುಂದೂಡಿತು. ಯೂನಿಯನ್‌ನವರು ಹೈಕೋರ್ಟಿಗೆ ಹೋದರು. ಬಾಕಿ ಸಮೇತ ಕೊಡಬೇಕು ಅಂತ 2021ರ ಸೆಪ್ಟೆಂಬರ್‌ನಲ್ಲಿ ಆದೇಶವಾಯಿತು.

ಬಾಕಿ ಬಂತು, ಹಿಂದೆಯೇ ಹೊಸ ಡಿಎ ಸೇರಿತು. ಸಂಬಳ ಏರಿತು ಅಂತ ನಂಬಿ ಮನೆ ಸಾಲಕ್ಕೆ ಸಹಿ ಹಾಕಿದೆ. ನಾನು ಎಡವಿದ್ದು ಇಲ್ಲಿ. ಡಿಎ ಲೆಕ್ಕ ಹಾಕುವುದು ಹಿಂದಿನ ವರ್ಷದ ಬೆಲೆ ಸೂಚ್ಯಂಕ ನೋಡಿ. ಸಂಬಳದ ಚೀಟಿಯಲ್ಲಿ ಬೇಸಿಕ್ ಕೆಳಗೆ ಕಾಣುವ ಆ ದುಡ್ಡು ಅಕ್ಕಿಗೆ, ಎಣ್ಣೆಗೆ, ಬಸ್ ಪಾಸಿಗೆ ಹೋದ ವರ್ಷವೇ ಖರ್ಚಾಗಿರುತ್ತದೆ. ಅದನ್ನು ನಂಬಿ ಹೊಸ ಕಂತು ಕಟ್ಟಲು ಆಗುವುದಿಲ್ಲ. ನನ್ನದು ರೆಪೋ ದರಕ್ಕೆ, ಅಂದರೆ ಬ್ಯಾಂಕುಗಳಿಗೆ ಆರ್‌ಬಿಐ ಸಾಲ ಕೊಡುವ ಬಡ್ಡಿ ದರಕ್ಕೆ, ಜೋಡಿಸಿದ ಸಾಲ ಬೇರೆ. 2022ರ ಮೇ 4ರಂದು ಆರ್‌ಬಿಐ ದಿಢೀರನೆ ರೆಪೋ ಏರಿಸಿತು. ಶೇ 4 ಇದ್ದದ್ದು 2023ರ ಫೆಬ್ರವರಿಗೆ ಶೇ 6.5 ಆಯಿತು. ಕಂತು ಅಷ್ಟೇ ಇಟ್ಟು ಬ್ಯಾಂಕಿನವರು ಸಾಲದ ಅವಧಿ ಹಿಗ್ಗಿಸಿದರು. ಅಸಲು ಕರಗುವುದೇ ನಿಂತಂತಾಯಿತು.

ಹಾಗಾಗಿ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಡಿಎ ಬೆಲೆಯ ಮುಂದೆ ಓಡುವುದಿಲ್ಲ, ಅದರ ಹಿಂದೆ ಬರುತ್ತದೆ. 2022ರಲ್ಲಿ ಬೆಲೆ ಏರಿದ್ದರಲ್ಲಿ ಉಕ್ರೇನ್ ಯುದ್ಧದಿಂದ ತುಟ್ಟಿಯಾದ ಅಡುಗೆ ಎಣ್ಣೆ, ಇಂಧನದ ಪಾಲು ದೊಡ್ಡದು. 2023ರ ಜುಲೈನಲ್ಲಿ ಹಣದುಬ್ಬರ ಶೇ 7.44ಕ್ಕೆ ಹೋದಾಗ ಟೊಮೆಟೊ ಕಿಲೋಗೆ ನೂರು ದಾಟಿತ್ತು. ಹೊಲಿಗೆ ಮಷಿನ್ ಮುಂದೆ ಕೂತವರ ಕೂಲಿಯಿಂದ ಟೊಮೆಟೊ ತುಟ್ಟಿಯಾಯಿತೇ?

ಆರ್‌ಬಿಐಗೆ ಕಾನೂನು ಕೊಟ್ಟ ಮೊದಲ ಕೆಲಸ ಬೆಲೆ ಸ್ಥಿರತೆ. ಹಣದುಬ್ಬರದ ಗುರಿ ಶೇ 4, ಎರಡು ಕಡೆಗೂ ಶೇ 2ರ ಸಡಿಲಿಕೆ. ಬೆಳವಣಿಗೆಯನ್ನೂ ಗಮನದಲ್ಲಿಡಬೇಕು ಎಂದಿದೆ. ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್‌ಗೆ ಇರುವ ಹಾಗೆ ಉದ್ಯೋಗದ ಗುರಿ ಇಲ್ಲಿಲ್ಲ. ಬಡ್ಡಿ ಏರಿ ಆರ್ಡರ್ ಕಡಿಮೆಯಾಗಿ ಓವರ್‌ಟೈಮ್ ನಿಂತರೆ, ನಮ್ಮನ್ನು ಕಾಯಲು ಉಳಿಯುವುದು ಕಾರ್ಮಿಕ ಕಾನೂನು ಮಾತ್ರ. ಅದನ್ನೂ ಕಾಯಿಸಿ ಅನ್ನುವುದು ಅನ್ಯಾಯ.

ಬಡ್ಡಿ ನಿರ್ಧರಿಸುವ ಆರ್‌ಬಿಐ ಸಮಿತಿ ಸುಮಾರು ಎರಡು ತಿಂಗಳಿಗೊಮ್ಮೆ ಸೇರುತ್ತದೆ. ಕೇಂದ್ರ ನೌಕರರ ಡಿಎ ವರ್ಷಕ್ಕೆ ಎರಡು ಸಲ ಪರಿಷ್ಕರಣೆಯಾಗುತ್ತದೆ. ನಮ್ಮ ಡಿಎಗೆ ಮಾತ್ರ ಏಪ್ರಿಲ್ ಬರಬೇಕು. ಅದನ್ನೂ ಆರು ತಿಂಗಳಿಗೊಮ್ಮೆ ಮಾಡಿ ಅಂತ ಕೇಳಿ.