ಕಾವೇರಿ ಇಲ್ಲದ ಲೇಔಟಲ್ಲಿ ಬಾಡಿಗೆ ಮನೆ: ಮೊದಲು ಸಂಪ್ ನೋಡಿ

ಬೆಂಗಳೂರಿನ ಸರ್ಜಾಪುರ ರಸ್ತೆ ಕಡೆ ಲೇಔಟ್ ಮನೆ, ನಾಲ್ಕು ಜನ, ಬೋರ್‌ವೆಲ್ ಮತ್ತು ಟ್ಯಾಂಕರ್ ಅಷ್ಟೇ, ನಿಭಾಯಿಸಬಹುದಾ ಅಂತ ಕೇಳಿದ್ದೀರಿ. ನಿಭಾಯಿಸಬಹುದು. ಆದರೆ ಅಡ್ವಾನ್ಸ್ ಕೊಡೋ ಮುಂಚೆ ಸಂಪಿನ, ಅಂದರೆ ನೆಲದಡಿಯ ನೀರಿನ ತೊಟ್ಟಿಯ, ಮುಚ್ಚಳ ತೆಗೆಸಿ ನೋಡಿ. ತಲೆಗೆ ದಿನಕ್ಕೆ 135 ಲೀಟರ್ ಲೆಕ್ಕ ಹಿಡಿದರೆ ನಿಮಗೆ 540 ಬೇಕು. 6,000 ಲೀಟರಿನ ಟ್ಯಾಂಕರ್ ಹನ್ನೊಂದು ದಿನ ಬರುತ್ತೆ. ಸಂಪ್ 4,000 ಲೀಟರಿನದಾದರೆ ಪೂರ್ತಿ ಲೋಡ್ ಹಿಡಿಸಲ್ಲ, ದುಡ್ಡು ಮಾತ್ರ ಪೂರ್ತಿ. 8,000 ಇದ್ದರೆ ಕಾಲು ಭಾಗ ಉಳಿದಾಗಲೇ ಒಂದು ಲೋಡ್ ಹಾಕಿಸಬಹುದು, ಮೂರು ದಿನದ ನೀರು ಕೈಯಲ್ಲಿರುತ್ತೆ. ಮಾರ್ಚ್-ಏಪ್ರಿಲ್‌ನಲ್ಲಿ ಕರೆದ ದಿನವೇ ಟ್ಯಾಂಕರ್ ಬರುತ್ತೆ ಅಂತ ನಂಬಿ ಕೂರಬೇಡಿ.

ಆಮೇಲೆ ಬಚ್ಚಲಿಗೆ ಹೋಗಿ. ಶವರಿನ ತೂತುಗಳ ಸುತ್ತ ಬಿಳಿ ಹಿಟ್ಟು ಗಟ್ಟಿಯಾಗಿ ಕೂತಿದೆಯಾ? ನೀರು ಗಡಸು. ಗೀಸರ್ ಕಾಯಿಲ್ ಮೇಲೂ ಅದೇ ಪದರ ಕಟ್ಟುತ್ತೆ: ನೀರು ಕಾಯೋದು ನಿಧಾನ, ಕರೆಂಟ್ ಬಿಲ್ ಜಾಸ್ತಿ, ಕೊನೆಗೆ ಆ ಕಾಯಿಲ್ ಸುಟ್ಟುಹೋಗುತ್ತೆ. ವರ್ಷಕ್ಕೊಮ್ಮೆ ಬಿಚ್ಚಿಸಿ ತೊಳೆಸಿ. ತೊಗರಿಬೇಳೆ ಬೇಯದೆ ಸತಾಯಿಸೋದೂ ಇದೇ ನೀರಿಂದ, ಕುಕ್ಕರನ್ನ ಬೈಯಬೇಡಿ. ಆರ್‌ಓ ನೀರು ಹಾಕಿ.

ನಗರದ ಹೊರವಲಯಕ್ಕೆ ಕಾವೇರಿ ನೀರು ಕೊಡೋ ಯೋಜನೆಯ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಶುರುವಾಗಿದೆ ನಿಜ. ಓನರ್ "ಪೈಪ್ ಬಂದಿದೆ" ಅಂದರೆ, ಮೀಟರು, ಹೋದ ತಿಂಗಳ ಬಿಲ್ಲು ಎರಡೂ ತೋರಿಸಿ ಅನ್ನಿ.