2008ರ ಎಸ್-ಕ್ಲಾಸ್ ಬೆಂಜ್ ಬೆಳಗ್ಗೆ ಒಂದು ಮೂಲೆ ಕೂತಿರುತ್ತದೆ. ಏರ್ ಸಸ್ಪೆನ್ಷನ್ ಉಳಿಸಿಕೊಳ್ಳಲೋ, ಕಾಯಿಲ್ ಸ್ಪ್ರಿಂಗ್ ಹಾಕಿಸಲೋ?

ಮೊದಲೇ ಹೇಳಿಬಿಡುತ್ತೇನೆ: ಈ ಗಾಡಿಗೆ ಕಾಯಿಲ್ ಸ್ಪ್ರಿಂಗ್ ಬೇಡ. ಈಗಲೇ ಅಂತೂ ಬೇಡವೇ ಬೇಡ.

ನೀವು ಬರೆದಿರುವ ಪ್ರಕಾರ ಗಾಡಿ ಎಸ್ 350. ರಾತ್ರಿ ನಿಲ್ಲಿಸಿದರೆ ಬೆಳಗ್ಗೆ ಮುಂದಿನ ಎಡ ಮೂಲೆ ಮಾತ್ರ ಕೂತಿರುತ್ತದೆ, ಸ್ಟಾರ್ಟ್ ಮಾಡಿದ ಸ್ವಲ್ಪ ಹೊತ್ತಿಗೆ ಏಳುತ್ತದೆ. ಬೆಂಗಳೂರಿನಲ್ಲಿ ನಾಲ್ಕೂ ಸ್ಟ್ರಟ್, ಕಂಪ್ರೆಸರ್ ಎಲ್ಲ ಸೇರಿಸಿ ಲಕ್ಷಗಟ್ಟಲೆ ಕೊಟೇಶನ್ ಕೊಟ್ಟಿದ್ದಾರೆ. ಇಲ್ಲಿ ದಾವಣಗೆರೆಯಲ್ಲಿ ಯಾರೋ "ಗಾಳಿ ಕಿತ್ತು ಸ್ಪ್ರಿಂಗ್ ಹಾಕಿಸಿ, ತಲೆನೋವೇ ಇರಲ್ಲ" ಅಂದಿದ್ದಾರೆ. ನಾನೂ ಇದೇ ಊರಿನಲ್ಲಿ ಗ್ಯಾರೇಜ್ ನಡೆಸುವವನು. ಎರಡೂ ಕಡೆಯವರು ಗಾಳಿ ಎಲ್ಲಿ ಹೋಗುತ್ತಿದೆ ಅಂತ ನೋಡದೆಯೇ ಮಾತಾಡಿದ್ದಾರೆ ಅನ್ನಿಸುತ್ತದೆ.

ನಿಮ್ಮ ಗಾಡಿಯಲ್ಲಿ ನಾಲ್ಕೂ ಚಕ್ರಕ್ಕೆ ಸ್ಪ್ರಿಂಗ್ ಬದಲು ಗಾಳಿ ತುಂಬಿದ ರಬ್ಬರ್ ಬೆಲ್ಲೋ ಇದೆ. ಒಂದು ಕಂಪ್ರೆಸರ್ ಗಾಳಿ ಕೊಡುತ್ತದೆ, ವಾಲ್ವ್ ಬ್ಲಾಕ್ ಅದನ್ನು ಬೇಕಾದ ಮೂಲೆಗೆ ಹಂಚುತ್ತದೆ, ಲೆವೆಲ್ ಸೆನ್ಸರ್‌ಗಳು ಎತ್ತರ ನೋಡಿಕೊಳ್ಳುತ್ತವೆ. ನಮ್ಮ ಹೈವೇಯಲ್ಲಿ ಓಡುವ ವೋಲ್ವೋ ಐರಾವತಕ್ಕೂ ಗಾಳಿಯದೇ ಸಸ್ಪೆನ್ಷನ್. ಅವು ವರ್ಷಗಟ್ಟಲೆ ಓಡುತ್ತವೆ ಅಲ್ವಾ? ಬೆಲ್ಲೋ ಹೋದರೆ ಬೆಲ್ಲೋ ಹಾಕುತ್ತಾರೆ, ಅಷ್ಟೇ. ಕಾರಿನಲ್ಲಿ ಬೆಲ್ಲೋ ಮತ್ತು ಶಾಕ್ ಅಬ್ಸಾರ್ಬರ್ ಎರಡನ್ನೂ ಸೇರಿಸಿ ಒಂದೇ ಸ್ಟ್ರಟ್ ಮಾಡಿದ್ದಾರೆ. ಅದಕ್ಕೇ ದುಬಾರಿ.

ಒಂದೇ ಮೂಲೆ ಕೂರುತ್ತಿದೆ ಅಂದರೆ ಸೋರಿಕೆ ಇರುವುದು ಆ ಸ್ಟ್ರಟ್‌ನಲ್ಲಿ, ಅದಕ್ಕೆ ಹೋಗುವ ಪೈಪಿನಲ್ಲಿ, ಇಲ್ಲವೇ ವಾಲ್ವ್ ಬ್ಲಾಕಿನಲ್ಲಿ. ಕಂಪ್ರೆಸರ್ ಬದುಕಿದೆ, ಅದಕ್ಕೇ ಗಾಡಿ ಏಳುತ್ತಿದೆ. ಕಂಪ್ರೆಸರ್ ಸತ್ತಿದ್ದರೆ ಕೂತ ಮೂಲೆ ಏಳುತ್ತಲೇ ಇರಲಿಲ್ಲ, ಮೀಟರಿನಲ್ಲಿ ಗಾಡಿ ತೀರಾ ಕೆಳಗಿದೆ, ನಿಲ್ಲಿಸಿ ಅನ್ನುವ ಕೆಂಪು ಸಂದೇಶ ಬರುತ್ತಿತ್ತು.

ಮನೆಯಲ್ಲೇ ಒಂದು ಕೆಲಸ ಮಾಡಿ. ಸಂಜೆ ಗಾಡಿಯನ್ನು ಸಮ ಜಾಗದಲ್ಲಿ ನಿಲ್ಲಿಸಿ, ನಾಲ್ಕೂ ಕಡೆ ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಟೇಪು ಹಿಡಿದು ಅಳತೆ ಬರೆದಿಟ್ಟುಕೊಳ್ಳಿ. ಬೆಳಗ್ಗೆ ಬಾಗಿಲು ತೆಗೆಯುವ ಮೊದಲೇ ಮತ್ತೆ ಅಳೆಯಿರಿ. ರಾತ್ರಿ ತಂಪಿಗೆ ನಾಲ್ಕೂ ಕಡೆ ಚೂರು ಇಳಿದರೆ ಅದು ಲೆಕ್ಕಕ್ಕಿಲ್ಲ. ಒಂದೇ ಕಡೆ ಬೆರಳಗಲ ಇಳಿದಿದ್ದರೆ ಅದೇ ಕಳ್ಳ.

ಆಮೇಲೆ ಗಾಡಿ ಪೂರ್ತಿ ಎದ್ದಿರುವಾಗ ಬಾನೆಟ್ ತೆಗೆದು, ಸ್ಟ್ರಟ್‌ನ ತಲೆ ಮೇಲೆ ಪೈಪು ಸೇರುವ ಜಾಗಕ್ಕೆ ಸೋಪು ನೀರು ಸ್ಪ್ರೇ ಮಾಡಿ. ಅವಸರ ಬೇಡ, ಎರಡು ನಿಮಿಷ ಕಾಯಿರಿ. ದೊಡ್ಡ ಸೋರಿಕೆಯಾದರೆ ಬುಸ್ ಅಂತ ನೊರೆ ಹಾರುತ್ತದೆ. ಸಣ್ಣದಾದರೆ ಸಾಸಿವೆ ಕಾಳಿನಂಥ ಗುಳ್ಳೆಗಳು ಒಂದರ ಪಕ್ಕ ಒಂದು ಕೂತು, ನಿಧಾನಕ್ಕೆ ಬಿಳಿ ನೊರೆಯ ಉಂಗುರ ಆಗುತ್ತದೆ. ಬರೀ ಪೈಪಿನ ನಟ್ ಹತ್ತಿರ ಬಂದರೆ ನಿಮ್ಮ ಅದೃಷ್ಟ, ಕನೆಕ್ಟರ್ ಬದಲಾಯಿಸಿದರೆ ಮುಗಿಯಿತು. ನಟ್ಟನ್ನು ನೀವೇ ಜೋರಾಗಿ ತಿರುಗಿಸಲು ಹೋಗಬೇಡಿ, ಎಳೆ ಹೋದರೆ ಇಲ್ಲದ ಕೆಲಸ. ಸ್ಟ್ರಟ್ ತಲೆಯಲ್ಲೇ ಗುಳ್ಳೆ ಬಂದರೆ ಅಥವಾ ಕೆಳಗಿನ ಡಸ್ಟ್ ಕವರ್ ಸಂದಿನಿಂದ ನೊರೆ ಬಂದರೆ ಸ್ಟ್ರಟ್ಟೇ ಹೋಗಿದೆ.

ಬಿಚ್ಚಿದಾಗ ನೋಡಬೇಕು ಆ ರಬ್ಬರನ್ನು. ಬೆಲ್ಲೋ ಕೆಳಗಡೆ ಮಡಿಚಿಕೊಂಡು ಉರುಳುವ ಜಾಗದಲ್ಲಿ ಕೂದಲೆಳೆಯಂಥ ಬಿರುಕುಗಳು ಸುತ್ತಲೂ ಇರುತ್ತವೆ. ಡಸ್ಟ್ ಕವರ್ ಹರಿದಿದ್ದರೆ ನಮ್ಮ ಕಡೆ ಧೂಳು ಒಳಗೆ ಸೇರಿ, ಆ ಮಡಿಕೆಯಲ್ಲಿ ಉಪ್ಪುಕಾಗದದ ಹಾಗೆ ಉಜ್ಜುತ್ತಲೇ ಇರುತ್ತದೆ. ಇಷ್ಟು ವರ್ಷದ ರಬ್ಬರ್, ಜೊತೆಗೆ ನಮ್ಮ ಏಪ್ರಿಲ್ ಬಿಸಿಲು. ಬಿರುಕು ಬಿಡದೆ ಇನ್ನೇನು ಮಾಡೀತು? ಪೈಪನ್ನೂ ಉದ್ದಕ್ಕೂ ನೋಡಿಸಿ. ಮೆಕ್ಕೆಜೋಳದ ಗೋಡೌನ್ ಪಕ್ಕ ಗಾಡಿ ನಿಲ್ಲಿಸುವವರಿಗೆ ಇಲಿ ಕಡಿದ ಪೈಪು ಹೊಸದೇನಲ್ಲ.

ಸ್ಟ್ರಟ್ ಹೋಗಿದ್ದರೆ ಹೊಸ ಏರ್ ಸ್ಟ್ರಟ್ ಹಾಕಿಸಿ. ಕಂಪನಿಯದೇ ಆಗಬೇಕಿಲ್ಲ, ಹೊರಗಿನ ಒಳ್ಳೆ ತಯಾರಕರದ್ದು ಸಾಕಷ್ಟು ಕಡಿಮೆಗೆ ಸಿಗುತ್ತದೆ, ವಾರಂಟಿ ಬರಹದಲ್ಲಿ ತೆಗೆದುಕೊಳ್ಳಿ. ಬಲಗಡೆಯದೂ ಅಷ್ಟೇ ಹಳೆಯದಾದರೆ ಮುಂದಿನ ಜೋಡಿ ಒಟ್ಟಿಗೆ ಬದಲಾಯಿಸುವುದು ನನ್ನ ಇಷ್ಟ. ಹಿಂದಿನದನ್ನು ಸುಮ್ನೆ ಮುಟ್ಟಬೇಡಿ. ಪಂಕ್ಚರ್ ಸೊಲ್ಯೂಷನ್, ಎಂ-ಸೀಲ್ ಹಚ್ಚಿ ಕೊಡುತ್ತೇನೆ ಅನ್ನುವವರಿಂದ ದೂರ ಇರಿ, ಬಾಗಿ ಬಾಗಿ ಉರುಳುವ ರಬ್ಬರಿನ ಮೇಲೆ ಅಂಟು ನಿಲ್ಲುವುದಿಲ್ಲ. ಇನ್ನೊಂದು, ಹೊಸ ಸ್ಟ್ರಟ್‌ಗೆ ಗಾಳಿ ತುಂಬದೆ ಗಾಡಿಯ ಭಾರ ಅದರ ಮೇಲೆ ಇಳಿಸಬಾರದು. ಖಾಲಿ ಬೆಲ್ಲೋ ಅಡ್ಡಾದಿಡ್ಡಿ ಮಡಿಚಿಕೊಂಡು ಅಲ್ಲೇ ಹರಿಯಬಹುದು. ಇದು ಗೊತ್ತಿಲ್ಲದ ಮೆಕ್ಯಾನಿಕ್ ಕೈಗೆ ಕೊಡಬೇಡಿ.

ಇದನ್ನು ಮುಂದೂಡುತ್ತಾ ಹೋದರೆ ಮಾತ್ರ ಕೆಟ್ಟಿತು. ಸೋರಿದಷ್ಟೂ ಕಂಪ್ರೆಸರ್ ಓಡುತ್ತದೆ, ಕಾಯುತ್ತದೆ, ಒಂದು ದಿನ ಸುಡುತ್ತದೆ. ಅದಕ್ಕೆ ಕರೆಂಟ್ ಕೊಟ್ಟು ನಿಲ್ಲಿಸುವ ಸ್ವಿಚ್, ಅಂದರೆ ರಿಲೇ, ಅಂಟಿಕೊಂಡರೆ ನಿಲ್ಲಿಸಿದ ಮೇಲೂ ಓಡುತ್ತಲೇ ಇರುತ್ತದೆ. ಆದ್ದರಿಂದ ಸ್ಟ್ರಟ್ ಹಾಕುವಾಗ ರಿಲೇ ಕೂಡ ಹೊಸದು ಹಾಕಿಸಿ, ಅದು ಚಿಲ್ಲರೆ ಖರ್ಚು. ಸೋರಿಕೆ ಹಾಗೇ ಬಿಟ್ಟು ಹೊಸ ಕಂಪ್ರೆಸರ್ ಹಾಕಿಸಿದರೆ ಅದೂ ಅದೇ ದಾರಿ ಹಿಡಿಯುತ್ತದೆ.

ಇನ್ನು ಕಾಯಿಲ್ ವಿಷಯ. ನನಗೆ ಸ್ಪ್ರಿಂಗ್ ಮೇಲೆ ದ್ವೇಷ ಏನಿಲ್ಲ. ನಿಮ್ಮ ಗಾಡಿ ಅದೇ ಕಾಲದ ಇ-ಕ್ಲಾಸ್ ಅಥವಾ ಆಡಿ ಕ್ಯೂ7 ಆಗಿದ್ದರೆ ನನ್ನ ಉತ್ತರ ಬೇರೆ ಇರುತ್ತಿತ್ತು. ಅವುಗಳಲ್ಲಿ ಕಂಪನಿಯೇ ಸ್ಪ್ರಿಂಗ್ ಇರುವ ಮಾದರಿಯನ್ನೂ ಮಾಡಿದೆ, ಆ ತೂಕಕ್ಕೆ ಲೆಕ್ಕ ಹಾಕಿದ ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಕಂಪನಿ ಪಟ್ಟಿಯಲ್ಲೇ ಇವೆ. ನಿಮ್ಮ ಮಾದರಿಗೆ, ಅಂದರೆ ಡಬ್ಲ್ಯು221ಕ್ಕೆ, ಸಾದಾ ಸ್ಪ್ರಿಂಗ್ ಕಂಪನಿಯಿಂದ ಬರಲೇ ಇಲ್ಲ. ಒಂದೋ ಈಗ ಇರುವ ಗಾಳಿಯ ವ್ಯವಸ್ಥೆ (ಕಂಪನಿ ಇಟ್ಟ ಹೆಸರು ಏರ್‌ಮ್ಯಾಟಿಕ್), ಇಲ್ಲವೇ ಎಬಿಸಿ ಅನ್ನುವ ಹೈಡ್ರಾಲಿಕ್ ವ್ಯವಸ್ಥೆ. ಹಾಗಾಗಿ ನಿಮಗೆ ಸಿಗುವ ಕಿಟ್ ಎಲ್ಲವೂ ಹೊರಗಿನವರು ತಮ್ಮ ಅಂದಾಜಿನಲ್ಲಿ ಮಾಡಿದ್ದು.

ಗಾಳಿಯ ಗುಣ ಏನೆಂದರೆ ಭಾರ ಹೆಚ್ಚಿದಂತೆ ಒತ್ತಡ ಹೆಚ್ಚಿಸಿಕೊಂಡು ಅದೇ ಎತ್ತರದಲ್ಲಿ ನಿಲ್ಲುತ್ತದೆ. ಡ್ರೈವರ್ ಒಬ್ಬನೇ ಇದ್ದಾಗಲೂ, ಐದು ಜನ ಕೂತು ಡಿಕ್ಕಿ ತುಂಬಾ ಮದುವೆ ಲಗೇಜು ಇದ್ದಾಗಲೂ ಕಾರು ಒಂದೇ ಥರ ಹೋಗುತ್ತದೆ. ಸ್ಪ್ರಿಂಗಿಗೆ ಇರುವುದು ಒಂದೇ ಬಿಗಿ. ಮೆತ್ತಗಿದ್ದರೆ ತುಂಬಿದ ಗಾಡಿಯ ಹಿಂಭಾಗ ಕೂರುತ್ತದೆ, ಬಿಗಿ ಇದ್ದರೆ ಖಾಲಿ ಗಾಡಿ ಕುಟ್ಟುತ್ತದೆ. ನಮ್ಮೂರ ಹಂಪುಗಳ ಮುಂದೆ ಗಾಡಿ ಎತ್ತುವ ಬಟನ್ ಇದೆಯಲ್ಲ, ಅದೂ ಹೋಯಿತು. ಮೇಲಾಗಿ ಹಳೆ ಸ್ಟ್ರಟ್ ತೆಗೆಯುವಾಗ ಅದರ ಎಲೆಕ್ಟ್ರಾನಿಕ್ ಶಾಕ್ ಅಬ್ಸಾರ್ಬರ್‌ನ ವೈರು ಕಿತ್ತಿದ್ದರಿಂದ ಮೀಟರಿನಲ್ಲಿ ಎಚ್ಚರಿಕೆ ಬರುತ್ತದೆ. ಅದನ್ನು ಅಡಗಿಸಲು ಬೇರೆ ಮಾಡ್ಯೂಲ್. ಕೆಲವರು ಅದನ್ನೂ ಹಾಕದೆ ಕಳಿಸಿಬಿಡುತ್ತಾರೆ, ದೀಪ ಉರಿಯುತ್ತಲೇ ಇರುತ್ತದೆ. ಮುಂದೆ ಮಾರುವಾಗ ತಿಳಿದವರು ಮೊದಲು ನೋಡುವುದೇ ಅದನ್ನು.

ಈ ಜಗಳ ಹಳೆಯದೇ. 1957ರ ಕ್ಯಾಡಿಲಾಕ್ ಎಲ್ಡೊರಾಡೊ ಬ್ರೋಮ್ ಕಾರಿಗೆ ಅಮೆರಿಕದಲ್ಲಿ ಗಾಳಿಯ ಸಸ್ಪೆನ್ಷನ್ ಕೊಟ್ಟಿದ್ದರು, ಸೋರಿ ಸೋರಿ ಬೇಸತ್ತು ಎಷ್ಟೋ ಮಾಲೀಕರು ಅದನ್ನು ಕಿತ್ತು ಕಾಯಿಲ್ ಹಾಕಿಸಿದರು. ಆಗಿನ ರಬ್ಬರಿಗೂ ವಾಲ್ವಿಗೂ ಅದು ನ್ಯಾಯವೇ ಇರಬಹುದು.

ಕಾಯಿಲ್ ಹಾಕಿಸಿ ಅಂತ ನಾನೇ ಹೇಳುವ ಸಂದರ್ಭವೂ ಇದೆ: ನಾಲ್ಕೂ ಸ್ಟ್ರಟ್, ಕಂಪ್ರೆಸರ್, ವಾಲ್ವ್ ಬ್ಲಾಕ್ ಎಲ್ಲ ಒಟ್ಟಿಗೆ ಹೋಗಿ, ರಿಪೇರಿ ಖರ್ಚು ಗಾಡಿಯ ಬೆಲೆಗೇ ಸಮ ಬಂದಾಗ. ಆಗಲೂ ನಾಲ್ಕೂ ಕಡೆ ಒಟ್ಟಿಗೆ ಹಾಕಿಸಬೇಕು. ಮುಂದೆ ಸ್ಪ್ರಿಂಗು, ಹಿಂದೆ ಗಾಳಿ ಅನ್ನುವ ಅರ್ಧಂಬರ್ಧ ಕೆಲಸ ಬೇಡ. ಜೊತೆಗೆ ಆರ್‌ಟಿಒದಲ್ಲಿ ವಿಚಾರಿಸಿ, ಇನ್ಶೂರೆನ್ಸ್‌ನವರಿಗೆ ಬರಹದಲ್ಲಿ ತಿಳಿಸಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯ ಮೂಲ ವಿವರ ಬದಲಾಯಿಸುವುದಕ್ಕೆ ತಡೆ ಹಾಕುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಗಟ್ಟಿಯಾಗಿ ಹೇಳಿದೆ.

ಸೋಪು ನೀರು ಹಾಕುವಾಗ ಬಾನೆಟ್ ಕಡೆಯಿಂದ, ಚಕ್ರದ ಸಂದಿನಿಂದ ಕೈಗೆ ಸಿಕ್ಕಷ್ಟು ಮಾತ್ರ ನೋಡಿ. ಜಾಕ್ ಒಂದನ್ನೇ ನಂಬಿ ಕೆಳಗೆ ತೂರಬೇಡಿ. ಸುಮಾರು 1,900 ಕೆಜಿ ಗಾಡಿ ಅದು, ಗಾಳಿ ಇಳಿದರೆ ಹೇಳದೆ ಕೇಳದೆ ಕೂರುತ್ತದೆ. ಗುಳ್ಳೆ ಎಲ್ಲಿ ಬಂತು ಅಂತ ಇಲ್ಲೇ ಕಾಮೆಂಟಿನಲ್ಲಿ ಬರೆಯಿರಿ. ಎಲ್ಲೂ ಬರದಿದ್ದರೆ ಮುಂದೆ ನೋಡಬೇಕಾದದ್ದು ವಾಲ್ವ್ ಬ್ಲಾಕ್, ಅದಕ್ಕೆ ಸ್ಟ್ರಟ್‌ನಷ್ಟು ದುಡ್ಡು ಬೇಕಾಗುವುದಿಲ್ಲ.